ಮೂರು ಮುತ್ತಿನ ಪರೀಕ್ಷೆ

ಎಲ್ಲದಕ್ಕೂ ಮೂಲ ಒಂದು ಕಾಫಿ ಕಪ್ಪು. ಬುಧವಾರ ಬೆಳಿಗ್ಗೆ ವಿಲ್ಮೀನಳ ಮನೆಯಲ್ಲಿ ನಮ್ಮ ಬೀದಿಯ ಸಮಿತಿ ಕೂತಿತ್ತು. ಡೊಕ್ಕುಂ ಊರಿನಲ್ಲಿ ಸಮಿತಿ ಇಲ್ಲದ ಬೀದಿಯೇ ಇಲ್ಲ ಅನ್ನಿ. ಕಾಲುವೆ ದಂಡೆಯ ಬೆಂಚಿಗೆ ಹಸಿರು ಬಳಿಯುವುದೋ ಕಡುಹಸಿರು ಬಳಿಯುವುದೋ ಎಂಬ ಚರ್ಚೆ ಮೂರನೇ ವಾರಕ್ಕೆ ಕಾಲಿಟ್ಟಿತ್ತು. ಅಷ್ಟರಲ್ಲಿ ಗೆರ್ಲೋಫನ ಕೈಲಿದ್ದ ಕಪ್ಪು ಸಾಸರಿನ ಮೇಲೆ ಕಟಕಟ ಅನ್ನತೊಡಗಿತು. ನಡುಗುವ ಬಲಗೈಯನ್ನು ಅವನು ಎಡಗೈಯಲ್ಲಿ ಹಿಡಿದುಕೊಂಡ. ಆಗ ಎರಡೂ ಕೈ ನಡುಗಿ, ಕಾಫಿ ವಿಲ್ಮೀನಳ ಬಿಳಿ ನೆಲಹಾಸಿನ ಮೇಲೆ ಚೆಲ್ಲಿತು. ಬೆಂಚಿನ ಬಣ್ಣ ಅಲ್ಲಿಗೆ ಮುಂದಕ್ಕೆ ಹೋಯಿತು, ಗೆರ್ಲೋಫ್ ಚರ್ಚೆಯ ವಿಷಯವಾದ.

ಸೇತುವೆ ಎತ್ತಿ ಇಳಿಸುವ ಕೆಲಸದಿಂದ ನಿವೃತ್ತನಾದ ಗೆರ್ಲೋಫ್ ಕುಡಿತ ಬಿಟ್ಟು ಆಗ ನಲವತ್ತೊಂದು ದಿನ. ಈ ಲೆಕ್ಕ ಅವನಿಗಿಂತ ನಮಗೆ ಚೆನ್ನಾಗಿ ಗೊತ್ತಿತ್ತು. ಶುಕ್ರವಾರ ಬೆಳಿಗ್ಗೆ ಅವನು ಬೀದಿಕೊನೆಯ ಗಾಜುಕಸದ ತೊಟ್ಟಿಗೆ ಖಾಲಿ ಬಾಟಲಿ ಹಾಕುವ ಸದ್ದನ್ನು ಹತ್ತು ವರ್ಷ ಎಣಿಸಿದವರು ನಾವು. ಆರು ವಾರದಿಂದ ಆ ಸದ್ದಿಲ್ಲ. ಬಿಟ್ಟದ್ದೇನೋ ಬಿಟ್ಟ, ಆದರೆ ನಿದ್ದೆ ಹೋಯಿತು, ಊಟ ಹೋಯಿತು, ಕೈ ಮಾತು ಕೇಳದಾಯಿತು.

ಶನಿವಾರ ಅವನಿಗೆ ಅರವತ್ತೇಳು ತುಂಬುತ್ತಿತ್ತು. ಮಗಳು ಯೆಲ್ಸ್ಕೆ ಜ್ವೋಲಾದಿಂದ ನಾಲ್ಕು ವರ್ಷದ ಮರಿಟಳನ್ನು ಕರೆದುಕೊಂಡು ಮೂರೂವರೆಗೆ ಬರುತ್ತೇನೆಂದು ಬರೆದಿದ್ದಳು. ಅಜ್ಜ ಮೊಮ್ಮಗಳ ಮುಖ ನೋಡಿ ಮೂರು ವರ್ಷವಾಗಿತ್ತು. ಯೆಲ್ಸ್ಕೆಯ ಷರತ್ತು ಒಂದೇ. ಹುಟ್ಟುಹಬ್ಬಕ್ಕೆ ಎಲ್ಲರೂ ಕೊಡುವಂತೆ ಬಾಗಿಲಲ್ಲೇ ಕೆನ್ನೆಗೆ ಮೂರು ಮುತ್ತು ಕೊಡುತ್ತೇನೆ. ವಾಸನೆ ಬರದಿದ್ದರೆ ಒಳಗೆ ಬಂದು ಕೇಕ್ ತಿನ್ನುತ್ತೇವೆ, ಮುಂದೆ ತಿಂಗಳಿಗೊಮ್ಮೆ ಮರಿಟ್ ನಿನ್ನ ಜೊತೆ ಇರುತ್ತಾಳೆ. ವಾಸನೆ ಬಂದರೆ ಹೊಸ್ತಿಲಿಂದಲೇ ವಾಪಸ್, ಮತ್ತೆ ಕೇಳಬೇಡ. ಒಂಬತ್ತನೇ ವಯಸ್ಸಿನಿಂದ ಅಪ್ಪನ ಕೆನ್ನೆ ಮೂಸಿ ಅಭ್ಯಾಸವಾದ ಹುಡುಗಿ ಅವಳು. ಅಬಕಾರಿಯವರಿಗೂ ಅಂಥ ಮೂಗಿರಲಿಕ್ಕಿಲ್ಲ.

ಅವಳ ಸಿಟ್ಟಿಗೆ ಕಾರಣ ಇತ್ತು. ಮೂರು ವರ್ಷದ ಹಿಂದೆ ತಾಯಿ ಹಿಸ್ಕೆ ಆಸ್ಪತ್ರೆಯಲ್ಲಿ ಕೊನೆಯ ದಿನ ಬೆಳಿಗ್ಗೆಯಿಂದ ಸಂಜೆವರೆಗೂ ಗಂಡನನ್ನು ಕೇಳಿದಳು. ಅವನು ಹೋಗಲಿಲ್ಲ. ಎಲ್ಲ ಮುಗಿದ ಮೇಲೆ ಯೆಲ್ಸ್ಕೆ ಮನೆಗೆ ಬಂದು ನೋಡಿದರೆ ಸೋಫಾದ ಮೇಲೆ ಮೈಮರೆತು ಬಿದ್ದಿದ್ದ, ಮನೆಯೆಲ್ಲ ಸಾರಾಯಿ ನಾತ. ಎರಡು ವರ್ಷ ಅವಳು ಮಾತು ಬಿಟ್ಟಿದ್ದಳು. ಆಮೇಲೆ ಯಾರೋ ಸಲಹೆಗಾರರು ಕುಡಿತ ಅನ್ನುವುದು ಕಾಯಿಲೆ, ಸಿಟ್ಟೇನಿದ್ದರೂ ಬಾಟಲಿ ಮೇಲಿರಲಿ, ಅಪ್ಪನ ಮೇಲೆ ಬೇಡ ಅಂದರಂತೆ. ಆ ಒಂದು ಮಾತನ್ನು ಹಿಡಿದುಕೊಂಡೇ ಅವಳು ಮತ್ತೆ ಅಪ್ಪನಿಗೆ ಪತ್ರ ಬರೆಯತೊಡಗಿದ್ದು.

ಹೀಗಿರುವಾಗ ಕಪ್ಪು ಕಟಕಟ ಅಂದರೆ ಸಮಿತಿಗೆ ಹೆದರಿಕೆ ಆಗದೆ ಇರುತ್ತದೆಯೇ? ಶನಿವಾರ ಬೆಳಿಗ್ಗೆ ಭಯಕ್ಕೆ ಒಂದು ಗುಟುಕು ಹಾಕಿಬಿಟ್ಟರೆ ಕತೆ ಮುಗಿಯಿತು. ಆಗ ಬಾಯಿ ಹಾಕಿದವನು ಸ್ಟೈನ್. ಊಟ್ರೆಕ್ಟಿನಿಂದ ನಮ್ಮ ಬೀದಿಗೆ ಬಂದು ನೆಲೆಸಿದ, ಗಡ್ಡವನ್ನು ಗಂಟು ಹಾಕಿಕೊಂಡಿರುವ ಯುವಕ. ತಾನೂ ಒಂದು ಕಾಲದಲ್ಲಿ ದಿನಕ್ಕೆ ಎಂಟು ಬಿಯರ್ ಕುಡಿಯುತ್ತಿದ್ದವನೇ, ಈಗ ಎರಡು ವರ್ಷದಿಂದ ಮುಟ್ಟಿಲ್ಲ, ಅದರ ಬದಲು ಆಗಾಗ ಟ್ರಫಲ್ ತಿನ್ನುತ್ತೇನೆ ಅಂದ. ಅಣಬೆ ಜಾತಿಯ ಗೆಡ್ಡೆ. ಲೇವಾರ್ಡನ್ನಿನ ಅಂಗಡಿಯಲ್ಲಿ ರಾಜಾರೋಷವಾಗಿ ಮಾರುತ್ತಾರೆ, ರಸೀದಿ ಕೊಡುತ್ತಾರೆ. ತಿಂದರೆ ಐದಾರು ಗಂಟೆ ಕಣ್ಣಿಗೆ ಏನೇನೋ ಕಾಣುತ್ತದೆ, ಒಳಗಿದ್ದದ್ದೆಲ್ಲ ಮೇಲೆ ಬರುತ್ತದೆ, ಆಮೇಲೆ ಮನಸ್ಸು ತೊಳೆದಿಟ್ಟ ಹಾಗಾಗುತ್ತದೆ, ಕುಡಿಯಬೇಕು ಅನ್ನಿಸುವುದೇ ಇಲ್ಲ ಅಂದ.

ಗೆರ್ಲೋಫ್ ಕೇಳಿದ್ದು ಒಂದೇ ಪ್ರಶ್ನೆ. "ವಾಸನೆ ಬರುತ್ತಾ?"

"ಹಸಿ ಅಕ್ರೋಟಿನ ಥರ ಇರುತ್ತೆ. ಅರ್ಧ ಗಂಟೆ ಕಳೆದ್ರೆ ಅದೂ ಇರಲ್ಲ."

"ಹಾಗಾದ್ರೆ ಆಯ್ತು," ಅಂದ ಗೆರ್ಲೋಫ್.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ತಿಂದವನ ಜೊತೆ ಒಬ್ಬರು ಕೂತಿರಬೇಕು ಎಂದು ಸ್ಟೈನ್ ಬಾಯಿ ತಪ್ಪಿ ಹೇಳಿದ. ನಲವತ್ತು ವರ್ಷ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದ ವಿಲ್ಮೀನಳ ಮುಂದೆ ಇಂಥ ಮಾತು ಆಡಬಾರದು. ಐದು ನಿಮಿಷದಲ್ಲಿ ಪಾಳಿಪಟ್ಟಿ ಸಿದ್ಧವಾಯಿತು. ಒಂಬತ್ತಕ್ಕೆ ಗೆಡ್ಡೆ ತಿನ್ನುವುದು. ಒಂಬತ್ತರಿಂದ ಹನ್ನೊಂದು ವಿಲ್ಮೀನ್, ಹನ್ನೊಂದರಿಂದ ಒಂದು ಎದುರುಮನೆ ಬೌಕೆ, ಒಂದರಿಂದ ಮೂರು ಸ್ಟೈನ್. ಮೂರಕ್ಕೆ ಎಲ್ಲ ಇಳಿದಿರುತ್ತದೆ, ಮೂರೂವರೆಗೆ ಮಗಳು, ನಾಲ್ಕೂವರೆಗೆ ಬೀದಿಯ ಉಳಿದವರು ಕೇಕಿಗೆ. ನಾವೆಲ್ಲ ಕೈಯೆತ್ತಿ ಒಪ್ಪಿದೆವು. ನಾನೂ ಎತ್ತಿದೆ, ಅಲ್ಲ ಅನ್ನುವುದಿಲ್ಲ.

ಶನಿವಾರ ಒಂಬತ್ತಕ್ಕೆ ಸರಿಯಾಗಿ ವಿಲ್ಮೀನ್ ಹಾಜರು. ಖಾಲಿ ಹೊಟ್ಟೆಯಲ್ಲಿ ತಿನ್ನಬೇಕು ಎಂದು ಸ್ಟೈನ್ ಹೇಳಿದ್ದ. ಯಾವ ಮಗುವನ್ನೂ ಖಾಲಿ ಹೊಟ್ಟೆಯಲ್ಲಿ ಪರೀಕ್ಷೆಗೆ ಕೂರಿಸಿದವಳಲ್ಲ ವಿಲ್ಮೀನ್. ಮೊದಲು ಒಂದು ಬಟ್ಟಲು ಗಂಜಿ, ಎರಡು ಚೂರು ಬ್ರೆಡ್ಡು, ಮೇಲೆ ಚೀಸು, ಅದಾದ ಮೇಲೆ ಅರ್ಧ ಪೊಟ್ಟಣ ಗೆಡ್ಡೆ. ಗೆರ್ಲೋಫ್ ಮುಖ ಹುಳ್ಳಗೆ ಮಾಡಿಕೊಂಡು ಅಗಿದ. ಅವಳು ಹುಟ್ಟುಹಬ್ಬಕ್ಕೆ ಕುರ್ಚಿಗಳನ್ನು ವೃತ್ತಾಕಾರವಾಗಿ ಹಾಕಿದಳು, ಗಡಿಯಾರ ನೋಡಿದಳು, ಅವನ ಕಣ್ಣು ನೋಡಿದಳು. ಹನ್ನೊಂದಾದರೂ ಏನೂ ಇಲ್ಲ. ಪಟ್ಟಿಯಲ್ಲಿ 'ಪರಿಣಾಮ: ಸೊನ್ನೆ' ಎಂದು ಬರೆದು ಬೌಕೆಗೆ ಒಪ್ಪಿಸಿ ಹೋದಳು.

ಬೌಕೆ ಮೂವತ್ತು ವರ್ಷ ಬಿತ್ತನೆ ಆಲೂಗೆಡ್ಡೆಯ ಗುಣಮಟ್ಟ ನೋಡುವ ಕೆಲಸದಲ್ಲಿದ್ದವನು. ಗೆಡ್ಡೆ ಅಂದರೆ ತನಗೆ ಗೊತ್ತಿಲ್ಲದ್ದು ಏನಿದೆ ಅನ್ನುವ ಗತ್ತು. ಉಳಿದ ಅರ್ಧ ಪೊಟ್ಟಣ ಕನ್ನಡಕಕ್ಕೆ ಹಿಡಿದು ನೋಡಿ, ತೆರೆದ ದಿನವೇ ತಿಂದು ಮುಗಿಸಬೇಕು ಎಂದು ಬರೆದದ್ದನ್ನು ಜೋರಾಗಿ ಓದಿದ. ಕಾಸು ಕೊಟ್ಟು ತಂದದ್ದನ್ನು ಕಸಕ್ಕೆ ಹಾಕುವ ಪದ್ಧತಿ ನಮ್ಮ ಬೀದಿಯಲ್ಲಿಲ್ಲ. ಒಂದು ಕೇಕಿನ ಚೂರನ್ನು ನಾಲ್ಕು ದಿನ ತಿನ್ನುವ ಜನ ನಾವು. ಹೇಗೂ ಮೊದಲಿನದು ಹತ್ತಿಲ್ಲವಲ್ಲ, ಇದನ್ನೂ ತಿಂದುಬಿಡು ಮಾರಾಯ, ಸುಮ್ಮನೆ ಕೆಟ್ಟುಹೋಗುತ್ತೆ ಅಂದ. ಗೆರ್ಲೋಫ್ ತಿಂದ. ಗಂಜಿಯ ಅಡಿ ಸಿಕ್ಕಿಬಿದ್ದಿದ್ದ ಮೊದಲಿನದೂ ಹಿಂದಿನಿಂದ ಬಂದ ಎರಡನೆಯದೂ, ತಡವಾದ ಬಸ್ಸುಗಳ ಹಾಗೆ, ಹನ್ನೆರಡಕ್ಕೆ ಒಟ್ಟಿಗೇ ಬಂದವು.

ಮೊದಲು ಕಿಟಕಿ ಪರದೆಯ ಕಸೂತಿ ಹಂಸಗಳು ಈಜಲು ಶುರುಮಾಡಿದವು. ಪಾಪ, ಬಡಕಲಾಗಿವೆ, ಯಾರಾದರೂ ಬ್ರೆಡ್ಡು ಹಾಕಿ ಎಂದು ಗೆರ್ಲೋಫ್ ಬೇಡಿಕೊಂಡ. ಬೌಕೆ ಹಾಕಿದ. ಆಮೇಲೆ ಗೆರ್ಲೋಫ್ ಎದ್ದು, ವೃತ್ತದಲ್ಲಿದ್ದ ಖಾಲಿ ಕುರ್ಚಿಗಳಿಗೆಲ್ಲ ಕೈ ಕುಲುಕಿ, ಬಂದಿದ್ದಕ್ಕೆ ಉಪಕಾರ ಎಂದ. ಕಿಟಕಿ ಪಕ್ಕದ ಕುರ್ಚಿಯ ಮುಂದೆ ಮಾತ್ರ ನಿಂತೇಬಿಟ್ಟ. ಅದು ಹಿಸ್ಕೆ ಕೂರುತ್ತಿದ್ದ ಜಾಗ. ಅದರ ಕೈ ಹಿಡಿದು ಬಿಕ್ಕಿ ಬಿಕ್ಕಿ ಅಳತೊಡಗಿದ. ಗಂಡಸರು ಅತ್ತರೆ ಏನು ಮಾಡಬೇಕೆಂದು ಪಾಳಿಪಟ್ಟಿಯಲ್ಲಿ ಬರೆದಿರಲಿಲ್ಲ. ಬೌಕೆ ಗಾಬರಿಯಾದ. ಚಳಿಗೆಂದು ಸದಾ ಕೋಟಿನ ಜೇಬಲ್ಲಿಟ್ಟುಕೊಳ್ಳುವ ಸಾರಾಯಿ ಸೀಸೆ ತೆಗೆದು, ಧೈರ್ಯಕ್ಕೆ ಒಂದು ಗುಟುಕು ಹಾಕಿಯೇಬಿಟ್ಟ.

ಗೆರ್ಲೋಫ್ ತಿರುಗಿ ನೋಡಿದ. ಸೀಸೆಗೂ ಅವನಿಗೂ ನಡುವೆ ಒಂದು ಮಾರು ದೂರ. ನಲವತ್ತು ವರ್ಷ ಆಳಿದ ಯಜಮಾನ ಅದು. ಈಗ ನೋಡಿದರೆ ಕಂದು ಬಣ್ಣದ ನೀರು, ಅಷ್ಟೇ. ಬೇಕು ಅಂತ ಅನ್ನಿಸಲೇ ಇಲ್ಲ. ಸ್ಟೈನ್ ಹೇಳಿದ್ದು ಸುಳ್ಳಲ್ಲ ಎಂದು ಅವನಿಗೆ ತುಂಬ ಸಂತೋಷವಾಯಿತು. ಆ ಸಂತೋಷದಲ್ಲಿ ಹೋಗಿ ಬೌಕೆಯನ್ನು ಬಾಚಿ ತಬ್ಬಿಕೊಂಡ. ಸೀಸೆ ಮಗುಚಿ, ಇಸ್ತ್ರಿ ಮಾಡಿದ ಹುಟ್ಟುಹಬ್ಬದ ಅಂಗಿಯ ಮೇಲೆ ಕುತ್ತಿಗೆಯಿಂದ ಹೊಟ್ಟೆವರೆಗೂ ಪೂರ್ತಿ ಸುರಿಯಿತು.

ಮುಂದಿನ ಎರಡು ಗಂಟೆ ಆ ಮನೆಯಲ್ಲಿ ನಡೆದದ್ದು ಹೆರಿಗೆಮನೆಯ ಗಡಿಬಿಡಿ. ವಿಲ್ಮೀನ್ ಓಡಿಬಂದಳು, ಸ್ಟೈನ್ ಓಡಿಬಂದ. ಬೌಕೆಯನ್ನು ಬಾಯಿ ಮುಚ್ಚಿಕೊಂಡು ಹಿತ್ತಲಲ್ಲಿ ನಿಲ್ಲಲು ಕಳಿಸಿದರು. ಗೆರ್ಲೋಫನನ್ನು ಬಚ್ಚಲಲ್ಲಿ ಕೂರಿಸಿ ನೆಲ ತಿಕ್ಕುವ ಸೋಪು ಹಾಕಿ ಉಜ್ಜಿದರು. ಅವನು ನೊರೆಯ ಒಂದೊಂದು ಗುಳ್ಳೆಗೂ ಹೆಸರಿಟ್ಟು ಬೀಳ್ಕೊಟ್ಟ. ನೆಲಹಾಸಿಗೆ ವಿನಿಗರ್ ಸುರಿದರು, ಬಾಣಲೆಯಲ್ಲಿ ಕಾಫಿಬೀಜ ಹೊಗೆಯೆಬ್ಬಿಸಿದರು, ಕಿಟಕಿಗಳನ್ನೆಲ್ಲ ತೆರೆದರು. ವಿಲ್ಮೀನಳ ತೀರಿಕೊಂಡ ಗಂಡನ ಅಂಗಿ ತಂದು ತೊಡಿಸಿದರು. ಅವನು ಗೆರ್ಲೋಫನ ಎರಡರಷ್ಟು ಇದ್ದ ಮನುಷ್ಯ. ಮೂರು ಗಂಟೆಗೆ ವಿಲ್ಮೀನ್ ಮುಂದೆ ಬಗ್ಗಿ ಅವನ ಎರಡೂ ಕೆನ್ನೆ ಮೂಸಿದಳು. ಸೋಪು ಬಿಟ್ಟರೆ ಏನೂ ಇಲ್ಲ. ಆದರೆ ಎರಡನೇ ಅರ್ಧ ಪೊಟ್ಟಣ ಇನ್ನೂ ಇಳಿದಿರಲಿಲ್ಲ.

"ನನ್ನೊಳಗೆ ಒಂದು ಬಾಗಿಲು ತೆಗೆದುಕೊಂಡುಬಿಟ್ಟಿದೆ ವಿಲ್ಮೀನ್. ಎಷ್ಟು ತಳ್ಳಿದ್ರೂ ಮುಚ್ತಾ ಇಲ್ಲ."

ಮುಚ್ಚುವುದು ಬೇಡ, ಬಾಯಿ ಮುಚ್ಚಿಕೊಂಡರೆ ಸಾಕು ಅಂದಳು ವಿಲ್ಮೀನ್. ಮೂರೇ ಮಾತು ಕಲಿಸಿದಳು. ಬಾ ಮಗಳೇ. ಕಾಫಿ ಕುಡಿತೀಯಾ. ಮರಿಟ್ ಎಷ್ಟು ಎತ್ತರ ಆಗಿದ್ದಾಳೆ. ಉಳಿದದ್ದಕ್ಕೆಲ್ಲ ತಲೆಯಾಡಿಸು. ಹತ್ತು ಸಲ ಹೇಳಿಸಿದಳು. ಒಂದನೇ ತರಗತಿಯ ಹುಡುಗನ ಹಾಗೆ ಅವನು ಹತ್ತು ಸಲವೂ ಒಪ್ಪಿಸಿದ.

ಮೂರೂವರೆಗೆ ಬಾಗಿಲ ಗಂಟೆ ಬಾರಿಸಿತು, ಒಂದು ನಿಮಿಷ ಹಿಂದಿಲ್ಲ ಮುಂದಿಲ್ಲ. ಪಾಳಿಯವರು ಮೂವರೂ ಅಡುಗೆಮನೆ ಸೇರಿ ಬಾಗಿಲು ಹಾಕಿಕೊಂಡರು. ಕದ್ದು ಕೇಳುವ ಆಸೆ ಮೂವರಿಗೂ ಇತ್ತು, ಆದರೆ ಬೀದಿಯವರಿಗೆಂದು ಇಟ್ಟ ಕಾಫಿ ಯಂತ್ರ ಗೊರಗೊರ ಅನ್ನುತ್ತಿದ್ದರಿಂದ ಏನೂ ಕೇಳಿಸಲಿಲ್ಲ. ಒಳಗೆ ಆದದ್ದು ನಮಗೆ ತಿಳಿದದ್ದು ಎಷ್ಟೋ ದಿನ ಕಳೆದ ಮೇಲೆ.

ಯೆಲ್ಸ್ಕೆ ಬಾಗಿಲಲ್ಲಿ ನಿಂತು ಬಲಗೆನ್ನೆಗೆ ಒಂದು ಮುತ್ತು ಕೊಟ್ಟಳು. ಎಡಗೆನ್ನೆಗೆ ಒಂದು. ಮತ್ತೆ ಬಲಗೆನ್ನೆಗೆ ಮೂರನೆಯದು, ಇದು ಸ್ವಲ್ಪ ಉದ್ದವಾಗಿತ್ತು. ಉಸಿರೆಳೆದುಕೊಂಡಳು. ಅವಳ ಹೆಗಲು ಇಳಿಯಿತು, ಕಣ್ಣು ತುಂಬಿಕೊಂಡವು. ಒಳಗೆ ಬಂದು ವೃತ್ತದಲ್ಲಿ ಕೂತಳು. ಮರಿಟ್ ಕುರ್ಚಿಗಳ ಸುತ್ತ ಓಡತೊಡಗಿತು. ಗೆರ್ಲೋಫ್ ಕಲಿಸಿದ ಮೂರು ಮಾತನ್ನೂ ಸರಿಯಾಗಿ ಆಡಿದ. ಅಲ್ಲಿಗೆ ಗೆದ್ದ ಹಾಗೇ.

ಯೆಲ್ಸ್ಕೆ ಅವನ ಕೈ ಹಿಡಿದುಕೊಂಡಳು. "ಇವತ್ತು ನಂಬಿಕೆ ಬಂತು ಅಪ್ಪ. ಅವತ್ತು ಅಮ್ಮ ಅಷ್ಟು ಕೇಳಿದ್ರೂ ಬರದೇ ಇದ್ದಿದ್ದು ನೀನಲ್ಲ. ಅದು ಆ ಬಾಟಲಿ. ಕುಡೀದೆ ಇದ್ದಿದ್ರೆ ನೀನು ಬಂದೇ ಬರ್ತಿದ್ದೆ."

ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಮೂರು ವರ್ಷದಿಂದ ಆಡಿಸಿಕೊಂಡೇ ಬಂದ ತಲೆ. ಆದರೆ ಒಳಗಿನ ಬಾಗಿಲು ತೆರೆದಿತ್ತು, ಅದರಿಂದ ಮಾತು ತಾನಾಗಿ ನಡೆದುಕೊಂಡು ಬಂತು.

"ಅವತ್ತು ನಾನು ಕುಡಿದಿರಲಿಲ್ಲ ಮಗಳೇ."

ಅವಳಿಗೆ ಅರ್ಥವಾಗಲಿಲ್ಲ.

"ಬೆಳಿಗ್ಗೆ ಹತ್ತಕ್ಕೇ ಬಂದಿದ್ದೆ. ಆಸ್ಪತ್ರೆ ಕೆಳಗಡೆ ಕಾರಲ್ಲಿ ಕೂತಿದ್ದೆ, ಸಾಯಂಕಾಲ ಐದರವರೆಗೂ. ಮೇಲೆ ಹತ್ತೋಕೆ ಆಗಲಿಲ್ಲ. ಅವಳ ಮುಖ ನೋಡೋಕೆ ಹೆದರಿಕೆ. ನೀನು ಕಿಟಕೀಲಿ ನಿಂತು ದಾರಿ ನೋಡ್ತಿದ್ದದ್ದೂ ಕಾಣಿಸ್ತು. ಮನೆಗೆ ಬಂದಮೇಲೆ ಕುಡಿದೆ. ನೀನು ಬಂದಾಗ ವಾಸನೆ ಇರ್ಲಿ ಅಂತ."

ಯೆಲ್ಸ್ಕೆ ಅವನ ಕೈ ಬಿಟ್ಟಳು.

"ಒಂದು ಹನಿನೂ ಕುಡಿದಿರಲಿಲ್ವಾ?"

"ಇಲ್ಲ."

"ಈಗ?"

"ಈಗಲೂ ಇಲ್ಲ. ನೀನೇ ನೋಡಿದೆಯಲ್ಲ."

ಹೌದು, ಅವಳೇ ನೋಡಿದ್ದಳು. ಮೂರು ಸಲ. ಕುಡಿದವನ ಮಾತು ಎಂದು ತಳ್ಳಿಹಾಕುವುದಕ್ಕೂ ದಾರಿ ಇರಲಿಲ್ಲ. ಎದ್ದು ಮರಿಟಳ ಕೋಟು ತಂದಳು, ಒಂದು ತೋಳು ಹಾಕಿದಳು, ಇನ್ನೊಂದು ತೋಳು ಹಾಕಿದಳು, ಗುಂಡಿಗಳನ್ನು ಮೇಲಿಂದ ಕೆಳಗೆ ಒಂದೊಂದಾಗಿ ಹಾಕಿದಳು. ಕೇಕ್ ಇನ್ನೂ ತಿಂದಿಲ್ಲ ಅಂತ ಮರಿಟ್ ಅಳತೊಡಗಿತು. ಹೊಸ್ತಿಲಲ್ಲಿ ಯೆಲ್ಸ್ಕೆ ತಿರುಗಿದಳು.

"ಅವತ್ತು ನೀನು ಕುಡಿದಿದ್ರೇ ಚೆನ್ನಾಗಿತ್ತು ಅಪ್ಪ," ಅಂದಳು.

ಕಾರು ಹೋದ ಸದ್ದಿಗೆ ಅಡುಗೆಮನೆ ಬಾಗಿಲು ತೆರೆಯಿತು. ಇಷ್ಟು ಬೇಗ ಹೊರಟಳಲ್ಲ ಎಂದು ಬೌಕೆ ಕೇಳಿದ. ಬೇರೆಲ್ಲೋ ಹೋಗುವುದಿರಬೇಕು, ಈ ಕಾಲದವರಿಗೆ ಅರ್ಧ ಗಂಟೆ ಕೂರುವುದೇ ಹೆಚ್ಚು ಅಂದಳು ವಿಲ್ಮೀನ್. ಆಮೇಲೆ ಗೆರ್ಲೋಫನ ಮುಂದೆ ಬಗ್ಗಿ, ಮೆಲ್ಲಗೆ ಕೇಳಿದಳು.

"ವಾಸನೆ ಸಿಕ್ತಾ ಅವಳಿಗೆ?"

"ಇಲ್ಲ."

"ಮೂರು ಮುತ್ತಿಗೂ?"

"ಮೂರಕ್ಕೂ ಇಲ್ಲ."

ಅಷ್ಟು ಸಾಕಾಯಿತು. ವಿಲ್ಮೀನ್ ಪಟ್ಟಿಯ ಕೊನೆಯಲ್ಲಿ 'ಉತ್ತೀರ್ಣ' ಎಂದು ಬರೆದಳು. ನಾಲ್ಕೂವರೆಗೆ ನಾವೆಲ್ಲ ಬಂದೆವು. ನಮ್ಮ ಕಡೆ ಹುಟ್ಟುಹಬ್ಬಕ್ಕೆ ಹುಟ್ಟಿದವನಿಗಷ್ಟೇ ಅಲ್ಲ, ವೃತ್ತದಲ್ಲಿ ಕೂತ ಪ್ರತಿಯೊಬ್ಬರಿಗೂ ಅಭಿನಂದನೆ ಹೇಳಬೇಕು. ಬೌಕೆ ಸ್ಟೈನನಿಗೆ ಹೇಳಿದ, ಸ್ಟೈನ್ ವಿಲ್ಮೀನಳಿಗೆ ಹೇಳಿದ, ಎಲ್ಲರೂ ಸರದಿಯಲ್ಲಿ ಗೆರ್ಲೋಫನ ಕೈ ಕುಲುಕಿ, ಅಂತೂ ಮಗಳು ಮೊಮ್ಮಗಳು ದಕ್ಕಿದರಲ್ಲ ಎಂದು ಅಭಿನಂದಿಸಿದೆವು. ಅವನು ಒಬ್ಬೊಬ್ಬರಿಗೂ ಉಪಕಾರ ಎನ್ನುತ್ತ ತಲೆಯಾಡಿಸಿದ. ನಾನೂ ಕೈ ಕುಲುಕಿ, ಕೇಕಿನ ತಟ್ಟೆ ಹಿಡಿದುಕೊಂಡು ನನ್ನ ಕುರ್ಚಿಯಲ್ಲಿ ಕೂತೆ.