ಅಮ್ಮಾಜಮ್ಮನ ನಲವತ್ತೊಂಬತ್ತು ನ್ಯೂಟನ್

ಒಂಬತ್ತನೇ ತರಗತಿಯ ತನುಜಳಿಗೆ ವಿಜ್ಞಾನದ ಕಿರುಪರೀಕ್ಷೆಯಲ್ಲಿ ಅರ್ಧ ಅಂಕ ಹೋಗಿದ್ದೇ ಎಲ್ಲಕ್ಕೂ ಮೂಲ. ‘ಐದು ಕಿಲೋಗ್ರಾಂ ಹಾಲಿನ ತೂಕ ಎಷ್ಟು?’ ಎಂಬ ಪ್ರಶ್ನೆಗೆ ಅವಳು ‘ಐದು ಕಿಲೋಗ್ರಾಂ’ ಎಂದು ಬರೆದಿದ್ದಳು. ಪ್ರಶ್ನೆಯಲ್ಲೇ ಉತ್ತರ ಇರುವಾಗ ಬೇರೆ ಏನು ಬರೆಯಬೇಕು ಎಂಬುದು ಅವಳ ವಾದ. ವಿಜ್ಞಾನದ ಮೇಷ್ಟ್ರು ಭಾನುಪ್ರಕಾಶ್ ಅದರ ಪಕ್ಕದಲ್ಲಿ ಕೆಂಪು ಶಾಯಿಯಿಂದ ‘49 ನ್ಯೂಟನ್’ ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದಿದ್ದರು.

ಆ ಕಾಗದ ತನುಜಳ ಅಜ್ಜಿ ಅಮ್ಮಾಜಮ್ಮನ ಕೈಗೆ ಸಿಕ್ಕಿತು. ಅಮ್ಮಾಜಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು.

“ಏನೇ ಇದು, ನಲವತ್ತೊಂಬತ್ತು?”

“ಐದು ಕೇಜಿ ಹಾಲಿನ ನಿಜವಾದ ತೂಕ ಕಣಜ್ಜಿ. ನಮ್ ಸಾರ್ ಹೇಳವ್ರೆ.”

ಅಮ್ಮಾಜಮ್ಮ ಹನ್ನೊಂದು ವರ್ಷದಿಂದ ಪ್ರತಿದಿನ ಬೆಳಿಗ್ಗೆ ಡೇರಿಗೆ ಐದು ಕೇಜಿ ಹಾಲು ಹಾಕುತ್ತಿದ್ದಳು. ಹನ್ನೊಂದು ವರ್ಷದಿಂದಲೂ ಅವಳ ಪುಸ್ತಕದಲ್ಲಿ ಐದು ಎಂದೇ ಬರೆದುಕೊಡುತ್ತಿದ್ದರು. ಅವಳು ಆ ಕೆಂಪು ಅಂಕಿಯ ಮೇಲೆ ಬೆರಳಿಟ್ಟಳು.

“ಹಂಗಾರೆ ಮಿಕ್ಕಿದ್ ನಲವತ್ನಾಕು ಎಲ್ಲೋಯ್ತು?”

ಮರುದಿನ ಬೆಳಿಗ್ಗೆ ಆರೂವರೆಗೆ ಅವಳು ಈ ಪ್ರಶ್ನೆಯನ್ನು ಡೇರಿ ಸೆಕ್ರೆಟರಿ ಚನ್ನಕೇಶವನಿಗೆ ಕೇಳಿದಳು. ಮುದ್ದಲಕುಂಟೆ ಎಂಬ ಆ ಊರು ಮೇಲೂರಿನಿಂದ ಆಚೆಗೆ ಹಿಪ್ಪುನೇರಳೆ ತೋಟಗಳ ನಡುವೆ ಇದೆ. ಇರುವುದು ತೊಂಬತ್ತು ಮನೆ. ತೊಂಬತ್ತು ಮನೆಯವರೂ ಆ ಹೊತ್ತಿಗೆ ಕ್ಯಾನು ಹಿಡಿದು ಅವಳ ಹಿಂದೆ ಸಾಲಾಗಿ ನಿಂತಿದ್ದರು. ಚನ್ನಕೇಶವ ಮೊದಲು ನಕ್ಕ. ನಕ್ಕಿದ್ದು ತಪ್ಪಾಯಿತು.

“ನಗ್ತೀಯೇನೋ? ಇಸ್ಕೂಲ್ ಸಾರು ಸುಳ್ಳು ಹೇಳ್ತಾರಾ? ನಲವತ್ತೊಂಬತ್ತು ಬರಿ. ಇಲ್ಲಾಂದ್ರೆ ಹಾಲು ಹಾಕಲ್ಲ.”

ಅವಳ ಹಿಂದೆ ನಿಂತಿದ್ದ ಕೋನಪ್ಪನದು ಎಂಟು ಕೇಜಿ ಹಾಲು. ಅವನು ಅಜ್ಜಿಯ ಜೊತೆ ಬಂದಿದ್ದ ತನುಜಳನ್ನು ಕರೆದು ತನ್ನದು ಎಷ್ಟಾಗುತ್ತದೆ ಎಂದು ಕೇಳಿದ. ಅವಳು ಬೆರಳಲ್ಲಿ ಗಾಳಿಯಲ್ಲೇ ಗುಣಿಸಿ, “ಎಪ್ಪತ್ತೆಂಟು ಪಾಯಿಂಟ್ ನಾಲ್ಕು, ಮಾಮ” ಅಂದಳು. ಕೋನಪ್ಪ ತನ್ನ ಕ್ಯಾನನ್ನು ನೆಲಕ್ಕಿಟ್ಟು, ಅದರ ಮುಚ್ಚಳದ ಮೇಲೆ ಕುಳಿತುಬಿಟ್ಟ. ಹತ್ತು ನಿಮಿಷದಲ್ಲಿ ಸಾಲಿನಲ್ಲಿದ್ದವರೆಲ್ಲ ಕುಳಿತಿದ್ದರು.

ಹಾಲಿನ ವ್ಯಾನು ಬರುವುದು ಎಂಟು ಗಂಟೆಗೆ. ಅಷ್ಟರಲ್ಲಿ ಹಾಲು ದೊಡ್ಡ ಕ್ಯಾನುಗಳಿಗೆ ಬೀಳದಿದ್ದರೆ, ಬಿಸಿಲೇರಿ ಊರಿನ ಹಾಲೆಲ್ಲ ಒಡೆದುಹೋಗುವುದು ಖಾತ್ರಿ. ಚನ್ನಕೇಶವ ರಸ್ತೆಯ ಕಡೆಯೇ ನೋಡುತ್ತಿದ್ದ.

ಏಳು ಗಂಟೆಗೆ ಭಾನುಪ್ರಕಾಶ್ ಮೇಷ್ಟ್ರು ಶಿಡ್ಲಘಟ್ಟದಿಂದ ಸ್ಕೂಟರಿನಲ್ಲಿ ಬಂದರು. ಬೆಳಗಿನ ಸ್ಪೆಷಲ್ ಕ್ಲಾಸಿಗೆ ಹೊರಟಿದ್ದ ಅವರನ್ನು ಡೇರಿಯ ಮುಂದೆ ಜನ ಅಡ್ಡಹಾಕಿದರು. ಹೆಲ್ಮೆಟ್ಟು ತೆಗೆಯುವುದಕ್ಕೂ ಬಿಡಲಿಲ್ಲ.

“ಏನ್ ಸಾರ್ ಇದು?” ಎಂದು ಚನ್ನಕೇಶವ ಅಳುವ ದನಿಯಲ್ಲಿ ಕೇಳಿದ. “ನನ್ ಎಲೆಕ್ಟ್ರಾನಿಕ್ ತಕ್ಕಡಿ ತೂಕ ತೋರ್ಸಲ್ಲ ಅಂದ್ರಂತೆ?”

ಭಾನುಪ್ರಕಾಶರಿಗೆ ಸಂತೋಷವೇ ಆಯಿತು. ಆರು ವರ್ಷದ ನೌಕರಿಯಲ್ಲಿ ಅವರ ಪಾಠದ ಬಗ್ಗೆ ಯಾರೂ ಅವರನ್ನು ರಸ್ತೆಯಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಿರಲಿಲ್ಲ. “ನೋಡಿ, ಕಿಲೋಗ್ರಾಂ ಅನ್ನೋದು ತೂಕ ಅಲ್ಲ. ಅದು ದ್ರವ್ಯರಾಶಿ” ಎಂದು ಶುರುಮಾಡಿದರು.

“ರಾಶಿನಾ?” ಕೋನಪ್ಪ ಮುಂದೆ ಬಂದ. “ನಂದು ವೃಷಭ. ಹಾಲಿಗೂ ರಾಶಿ ಇರ್ತದಾ ಸಾರ್?”

“ಆ ರಾಶಿ ಅಲ್ಲಪ್ಪ. ವಸ್ತುವಿನಲ್ಲಿ ಎಷ್ಟು ದ್ರವ್ಯ ಇದೆ ಅನ್ನೋದು ರಾಶಿ. ಅದನ್ನ ಭೂಮಿ ಎಷ್ಟು ಬಲದಿಂದ ಎಳೀತದೆ ಅನ್ನೋದು ತೂಕ. ಒಂದು ಕೇಜಿನ ಭೂಮಿ ಒಂಬತ್ತು ಪಾಯಿಂಟ್ ಎಂಟು ನ್ಯೂಟನ್ ಎಳೀತದೆ.”

“ಹಂಗಾರೆ ಈ ತಕ್ಕಡಿ ತೋರ್ಸೋದೇನು?” ಎಂದಳು ಅಮ್ಮಾಜಮ್ಮ.

ಇಲ್ಲಿ ಭಾನುಪ್ರಕಾಶರು ‘ರಾಶಿ’ ಎಂದಷ್ಟೇ ಹೇಳಿ ಸ್ಕೂಟರ್ ಹತ್ತಬಹುದಿತ್ತು. ಆದರೆ ಅವರು ಪೂರ್ತಿ ಉತ್ತರ ಕೊಡುವ ಮನುಷ್ಯ. “ಒಳಗಡೆ ಅದಕ್ಕೆ ಗೊತ್ತಾಗೋದು ತೂಕಾನೇ ಅಮ್ಮ. ಆಮೇಲೆ ಅದು ಒಂಬತ್ತು ಪಾಯಿಂಟ್ ಎಂಟರಿಂದ ಭಾಗಿಸಿ, ಕೇಜಿ ಮಾಡಿ ತೋರಿಸ್ತದೆ.”

ಕ್ಯಾನಿನ ಮೇಲೆ ಕುಳಿತಿದ್ದವರೆಲ್ಲ ಎದ್ದು ನಿಂತರು.

“ಭಾಗಿಸ್ತದಾ?” ಅಮ್ಮಾಜಮ್ಮ ಚನ್ನಕೇಶವನ ಕಡೆ ತಿರುಗಿದಳು. “ಏಮಿರಾ, ಭಾಗ ಮಾಡು ಅಂತ ಅದಕ್ಕೆ ಹೇಳ್ದೋರು ಯಾರು?”

“ಅಯ್ಯೋ ದೇವುಡಾ! ಸಾರ್, ನಾನೇನಾದ್ರೂ ಭಾಗಿಸು ಅಂದ್ನಾ?”

ಅಷ್ಟರಲ್ಲಿ ಡ್ರಿಲ್ ಮೇಷ್ಟ್ರು ಗಂಗರಾಜು ಸಹಾಯಕ್ಕೆ ಬಂದರು. ಊರಲ್ಲಿ ಎಲ್ಲಿ ನಾಲ್ಕು ಜನ ಸೇರಿದರೂ ಸೀಟಿ ಊದಿಕೊಂಡು ಹೋಗುವುದು ಅವರ ಅಭ್ಯಾಸ. ಅವರು ಎಲ್ಲರನ್ನೂ ಸುಮ್ಮನಿರಿಸಿ, “ನೀವೆಲ್ಲ ಪುಣ್ಯವಂತರು ಕಣ್ರಪ್ಪ. ಇದೇ ಡೇರಿ ಚಂದ್ರನ ಮೇಲಿದ್ದಿದ್ರೆ ನಿಮ್ ಹಾಲಿನ ತೂಕ ಆರರಲ್ಲಿ ಒಂದು ಪಾಲು ಅಷ್ಟೆ. ಎಲ್ಲಾ ಭೂಮಿಯಿಂದ ಬಂದಿದ್ದು” ಎಂದರು.

“ಭೂಮಿಯಿಂದಾನಾ?” ಅಮ್ಮಾಜಮ್ಮನ ಕಣ್ಣು ಅಗಲವಾಯಿತು. “ಈ ಡೇರಿ ಇರೋ ಭೂಮಿ ನಮ್ ಯಜಮಾನ್ರು ಬರ್ಕೊಟ್ಟಿದ್ದು. ಎಳೆಯೋದು ನಮ್ ಭೂಮಿ, ಭಾಗಿಸೋದು ಇವ್ನಾ?”

ಎಂಟಕ್ಕೆ ಐದು ನಿಮಿಷವಿರುವಾಗ ವ್ಯಾನು ಬಂತು. ಡ್ರೈವರ್ ವೆಂಕಟರವಣಪ್ಪ ಇಳಿಯಲೂ ಇಲ್ಲ, ಹಾರ್ನ್ ಮೇಲೆ ಕೈಯಿಟ್ಟು ಕುಳಿತ. ಚನ್ನಕೇಶವ ಮುಖ್ಯೋಪಾಧ್ಯಾಯಿನಿ ಯಶೋಧರಾ ಮೇಡಂಗೆ ಫೋನ್ ಮಾಡಿದ. ಮೇಡಂ ತಲೆಗೆ ಎಣ್ಣೆ ಹಚ್ಚಿಕೊಂಡವರು ಹಾಗೆಯೇ ಸೆರಗು ಹೊದ್ದು ಬಂದರು.

“ಭಾನುಪ್ರಕಾಶ್, ಹಾಲಿನ ತೂಕ ಕೇಜಿಲೇ ಅಂತ ಒಂದ್ ಮಾತು ಹೇಳ್ಬಿಡಿ. ನಿಮ್ದೇನ್ ಹೋಗ್ತದೆ?”

ಭಾನುಪ್ರಕಾಶರು ಬಾಯಿ ತೆರೆದರು. ಸ್ಪೆಷಲ್ ಕ್ಲಾಸಿನ ಮಕ್ಕಳೆಲ್ಲ ಅಲ್ಲೇ ಬಂದು ನಿಂತು ಅವರ ಮುಖವನ್ನೇ ನೋಡುತ್ತಿದ್ದರು. ತನುಜ ಎಲ್ಲರಿಗಿಂತ ಮುಂದಿದ್ದಳು. ಅವರು ಬಾಯಿ ಮುಚ್ಚಿದರು. ಬೆಳಗಿನ ಚಳಿಯಲ್ಲೂ ಹೆಲ್ಮೆಟ್ಟಿನೊಳಗೆ ಬೆವರು ಇಳಿಯುತ್ತಿತ್ತು.

“ಇವತ್ತೊಂದಿನ ನ್ಯೂಟನ್ನಲ್ಲೇ ಬರ್ಕೊಳ್ಳಣ” ಎಂದರು ಕೊನೆಗೆ. “ಆದ್ರೆ ತೂಕ ಒಂಬತ್ತು ಪಾಯಿಂಟ್ ಎಂಟು ಪಟ್ಟು ಜಾಸ್ತಿಯಾದ್ರೆ, ರೇಟು ಅಷ್ಟೇ ಪಾಲು ಕಮ್ಮಿಯಾಗ್ತದೆ. ಕೊನೇಲಿ ಕೈಗೆ ಬರೋದು ಅಷ್ಟೇ.”

ತನುಜ ನೆಲದ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಮಾಡಿ ತೋರಿಸಿದಳು. ಎರಡೂ ಒಂದೇ ಬಂತು. ಅಮ್ಮಾಜಮ್ಮ ಅದನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಜಗಳಕ್ಕೆ ಇನ್ನು ಕಾರಣವಿರಲಿಲ್ಲ. ಆದರೂ ಸೋತು ಹೋಗಲು ಅವಳಿಗೆ ಮನಸ್ಸಿರಲಿಲ್ಲ.

“ಆಗ್ಲಿ, ನಲವತ್ತೊಂಬತ್ತೇ ಬರಿ. ನೋಡಕ್ಕಾದ್ರೂ ಚೆನ್ನಾಗಿರ್ತದೆ.”

ಆಮೇಲೆ ಎಲ್ಲರಿಗೂ ನ್ಯೂಟನ್ನೇ ಬೇಕಾಯಿತು. ಇಡೀ ಒಂಬತ್ತನೇ ತರಗತಿ ಡೇರಿಯ ಜಗಲಿಯ ಮೇಲೆ ಕುಳಿತು ತೊಂಬತ್ತು ಮನೆಯ ಹಾಲನ್ನು ಒಂಬತ್ತು ಪಾಯಿಂಟ್ ಎಂಟರಿಂದ ಗುಣಿಸಿತು. ಜನ ತೂಕವೆಂದರೇನು, ರಾಶಿಯೆಂದರೇನು ಎಂದು ಮಕ್ಕಳನ್ನು ಕೇಳಿ ಕೇಳಿ ತಿಳಿದುಕೊಂಡು, ಪುಸ್ತಕ ಬರೆಸಿಕೊಂಡು ಹೋದರು. ಗಡಿಬಿಡಿಯಲ್ಲಿ ಚನ್ನಕೇಶವ ವ್ಯಾನಿನ ಚೀಟಿಯಲ್ಲೂ ಒಟ್ಟು ಮೊತ್ತ 7,840 ಎಂದು ಬರೆದು ವೆಂಕಟರವಣಪ್ಪನ ಕೈಗಿಟ್ಟ.

ಸಂಜೆ ನಾಲ್ಕೂವರೆಗೆ, ಸಂಜೆಯ ಹಾಲಿಗೆ ಸಾಲು ನಿಲ್ಲುವ ಹೊತ್ತಿಗೆ ಸರಿಯಾಗಿ, ಹಾಲು ಹೋಗಿ ಸೇರುವ ಶೀತಲ ಕೇಂದ್ರದ ಜೀಪು ಬಂದು ಡೇರಿಯ ಮುಂದೆ ನಿಂತಿತು. ಇಳಿದವರು ಸೂಪರ್‌ವೈಸರ್ ರಮೇಶ್‌ಬಾಬು. ಅವರ ಕೈಯಲ್ಲಿ ಬೆಳಗಿನ ಚೀಟಿಯಿತ್ತು.

“ಚೀಟಿಲಿರೋದು ಏಳು ಸಾವಿರದ ಎಂಟ್ನೂರ ನಲವತ್ತು. ಕ್ಯಾನಲ್ಲಿ ಬಂದಿದ್ದು ಎಂಟ್ನೂರು. ಮಿಕ್ಕ ಏಳು ಸಾವಿರದ ನಲವತ್ತು ಕೇಜಿ ಹಾಲನ್ನ ದಾರೀಲಿ ಯಾರಿಗೆ ಮಾರಿದ್ರಿ?”

ಚನ್ನಕೇಶವ ಶಾಲೆಯ ಕಡೆ ಬೆರಳು ತೋರಿಸಿದ. ಭಾನುಪ್ರಕಾಶರನ್ನು ಕರೆತಂದರು. ಅವರ ಹಿಂದೆ ಯಶೋಧರಾ ಮೇಡಂ, ಗಂಗರಾಜು, ಶಾಲೆ ಬಿಟ್ಟ ಮಕ್ಕಳೆಲ್ಲ ಬಂದರು.

“ಸರ್ಕಾರಿ ನೌಕರಿಯಲ್ಲಿದ್ಕೊಂಡು ಡೇರಿ ಲೆಕ್ಕದಲ್ಲಿ ಕೈ ಹಾಕ್ತೀರಾ? ಬಿಇಒ ಸಾಹೇಬ್ರಿಗೆ ಇವತ್ತೇ ಬರೀತೀನಿ” ಎಂದರು ರಮೇಶ್‌ಬಾಬು.

ಮೇಷ್ಟ್ರು ಲೆಕ್ಕ ತೋರಿಸಲು ಸೀಮೆಸುಣ್ಣಕ್ಕಾಗಿ ಜೇಬು ತಡಕಿದರು. ಆಗ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದ ಅಮ್ಮಾಜಮ್ಮ ಕ್ಯಾನು ಕೆಳಗಿಟ್ಟು ಮುಂದೆ ಬಂದಳು.

“ಏನಯ್ಯಾ, ಅಷ್ಟೂ ಗೊತ್ತಾಗಲ್ವಾ? ನೀನ್ ಹೇಳ್ತಿರೋದು ರಾಶಿ, ನಾವ್ ಬರ್ಸಿರೋದು ತೂಕ. ನಿನ್ ಎಂಟ್ನೂರನ್ನ ಒಂಬತ್ತು ಪಾಯಿಂಟ್ ಎಂಟರಿಂದ ಗುಣ್ಸು. ಹಾಲೇನೂ ಎಲ್ಲೂ ಹೋಗಿಲ್ಲ. ಭೂಮಿ ಎಳ್ದಿರೋದನ್ನ ಬರ್ದವ್ರೆ, ಅಷ್ಟೆ.”

“ಚಂದ್ರನ ಮೇಲಾಗಿದ್ರೆ ಕಮ್ಮಿ ಬರ್ತಿತ್ತು” ಎಂದ ಕೋನಪ್ಪ, ಹಿಂದಿನಿಂದ. “ಆದ್ರೆ ರಾಶಿ ಅಲ್ಲೂ ಅಷ್ಟೇ ಇರ್ತದೆ.”

ರಮೇಶ್‌ಬಾಬು ಮೊಬೈಲಿನಲ್ಲಿ ಗುಣಿಸಿ ನೋಡಿದರು. ಒಂದು ಸೊನ್ನೆಯೂ ಆಚೀಚೆ ಇರಲಿಲ್ಲ. ಅವರ ಮುಖ ನಿಧಾನವಾಗಿ ಸಡಿಲಾಯಿತು.

“ನಾನು ಬಿಎಸ್ಸಿ ಓದಿದ್ದೀನಿ ಸಾರ್. ನನಗೆ ಯಾರೂ ಹಿಂಗೆ ಹೇಳ್ಕೊಡಲಿಲ್ಲ” ಎಂದು ಚೀಟಿಯನ್ನು ತಿದ್ದಿ 800 ಮಾಡಿ, ಮೇಷ್ಟ್ರ ಕೈ ಕುಲುಕಿದರು. ಯಶೋಧರಾ ಮೇಡಂ ಆ ದಿನ ಮೊದಲ ಸಲ ನಕ್ಕರು. ಭಾನುಪ್ರಕಾಶರ ಕಣ್ಣು ತೇವವಾಯಿತು. ಅಲ್ಲಿಗೇ ಎಲ್ಲರೂ ಮನೆಗೆ ಹೋಗಬಹುದಿತ್ತು.

ಆದರೆ ಮೇಷ್ಟ್ರಿಗೆ ಉತ್ಸಾಹ ಬಂದುಬಿಟ್ಟಿತ್ತು. ರಮೇಶ್‌ಬಾಬು ಅವರ ಚೀಲದಿಂದ ಒಂದು ಗಾಜಿನ ಲ್ಯಾಕ್ಟೋಮೀಟರ್ ಇಣುಕುತ್ತಿತ್ತು. ಸಾಂದ್ರತೆ ಮುಂದಿನ ವಾರದ ಪಾಠ. ಮಕ್ಕಳು ಎದುರಿಗಿದ್ದಾರೆ, ಉಪಕರಣ ಇದೆ, ಹಾಲೂ ಇದೆ.

“ಸಾರ್, ಅದನ್ನ ಒಂದ್ನಿಮಿಷ ಕೊಡ್ತೀರಾ? ಬನ್ನಿ ಮಕ್ಕಳೇ, ಹತ್ರ ಬನ್ನಿ. ಇದನ್ನ ಹಾಲಿಗೆ ಬಿಟ್ರೆ, ಹಾಲು ಗಟ್ಟಿಯಾಗಿದ್ರೆ ತೇಲ್ತದೆ. ತೆಳ್ಳಗಿದ್ರೆ ಮುಳುಗ್ತದೆ. ಒಳ್ಳೆ ಹಾಲಲ್ಲಿ ಇಪ್ಪತ್ತೆಂಟರ ಹತ್ರ ನಿಲ್ಲಬೇಕು. ಅಮ್ಮ, ನಿಮ್ ಕ್ಯಾನು ಕೊಡಿ.”

“ನಂದ್ಯಾಕೆ ಸಾರ್?” ಅಮ್ಮಾಜಮ್ಮ ಕ್ಯಾನನ್ನು ಸೀರೆಯ ಮರೆಗೆ ಎಳೆದುಕೊಂಡಳು. “ಕೋನಪ್ಪಂದು ತಗೊಳ್ಳಿ.”

“ಛೆ ಛೆ, ಹಿರೀರು ನೀವಿರುವಾಗ!” ಎಂದ ಕೋನಪ್ಪ, ತನ್ನ ಕ್ಯಾನನ್ನು ಕಾಲಿಂದ ಹಿಂದಕ್ಕೆ ತಳ್ಳುತ್ತ.

ಇದು ಹಳ್ಳಿಯವರ ಸಂಕೋಚ ಎಂದುಕೊಂಡರು ಮೇಷ್ಟ್ರು. “ಈ ಊರಿಗೆ ವಿಜ್ಞಾನ ಹೇಳಿದ್ದು ನೀವು. ನಿಮ್ದೇ ಆಗಬೇಕು” ಎಂದು ಅವರೇ ಅವಳ ಕ್ಯಾನಿನಿಂದ ಗಾಜಿನ ಜಾಡಿಗೆ ಹಾಲು ಬಗ್ಗಿಸಿ, ಲ್ಯಾಕ್ಟೋಮೀಟರ್ ಬಿಟ್ಟರು. ಅದು ಬಾವಿಗೆ ಇಳಿಬಿಟ್ಟ ಬಿಂದಿಗೆಯ ಹಾಗೆ ಗುಳುಗುಳು ಇಳಿಯಿತು.

“ತನುಜ, ಕಣ್ಣನ್ನ ಹಾಲಿನ ಮಟ್ಟಕ್ಕೆ ತಂದು ಓದಮ್ಮ.”

ತನುಜ ಕಳೆದ ಬಾರಿ ಹೋದ ಅರ್ಧ ಅಂಕವನ್ನು ಮರೆತಿರಲಿಲ್ಲ. ಬಗ್ಗಿ, ಒಂದು ಕಣ್ಣು ಮುಚ್ಚಿ, ಊರಿಗೆಲ್ಲ ಕೇಳುವ ಹಾಗೆ ಹೇಳಿದಳು.

“ಹದಿನೆಂಟು ಸಾರ್! ಇಪ್ಪತ್ತೆಂಟು ಇರಬೇಕಿತ್ತು. ಅಂದ್ರೆ ಸಾಂದ್ರತೆ ಕಮ್ಮಿ. ಅಂದ್ರೆ ಹಾಲಿಗೆ ನೀರು ಸೇರಿದೆ.”

“ಶಭಾಷ್, ಸರಿಯುತ್ತರ!” ಎಂದರು ಭಾನುಪ್ರಕಾಶರು. ಅಂದ ಮೇಲೆ ತಲೆಯೆತ್ತಿ ನೋಡಿದರು.

ಅಮ್ಮಾಜಮ್ಮ ಮೊಮ್ಮಗಳನ್ನು ನೋಡುತ್ತಿದ್ದಳು. ರಮೇಶ್‌ಬಾಬು ಜೇಬಿನಿಂದ ಪೆನ್ನು ತೆಗೆಯುತ್ತಿದ್ದರು. ಕೋನಪ್ಪನಿಗೆ ಮನೆಯಲ್ಲಿ ಮಗುವಿಗೆ ಹಾಲಿಲ್ಲದ್ದು ತಟ್ಟನೆ ನೆನಪಾಗಿ, ಅವನು ಕ್ಯಾನು ಎತ್ತಿಕೊಂಡು ಹೊರಟಿದ್ದ. ಅವನ ಹಿಂದಿನವನಿಗೆ ನೆಂಟರು ಬಂದಿದ್ದರು. ಇನ್ನೊಬ್ಬಳ ಮನೆಯಲ್ಲಿ ಅವತ್ತೇ ಮೊಸರಿಗೆ ಹೆಪ್ಪು ಹಾಕಬೇಕಿತ್ತು. ಐದು ನಿಮಿಷದಲ್ಲಿ ಡೇರಿಯ ಮುಂದೆ ಸಾಲೇ ಇರಲಿಲ್ಲ.

“ನಿಮ್ಮಂಥೋರು ಬೇಕು ಸಾರ್” ಎಂದು ರಮೇಶ್‌ಬಾಬು ಕಾಗದ ಮುಂದೆ ಹಿಡಿದರು. “ಸಾಕ್ಷಿ ಅಂತ ಇಲ್ಲೊಂದು ಸೈನ್ ಹಾಕಿ.”

ಭಾನುಪ್ರಕಾಶರು ಸೈನ್ ಹಾಕಿದರು. ಅಳತೆ ಸರಿಯಾಗಿತ್ತು, ಬೇರೆ ದಾರಿಯಿರಲಿಲ್ಲ.

ಆರು ಗಂಟೆಗೆ ಅವರು ಸ್ಕೂಟರ್ ತೆಗೆಯುವಾಗ ಯಶೋಧರಾ ಮೇಡಂ ಅವರನ್ನು ಕರೆದು ಒಂದು ಅರ್ಜಿ ಕೈಗೆ ಕೊಟ್ಟರು. ಭಾನುಪ್ರಕಾಶ್ ಮೇಷ್ಟ್ರನ್ನು ಕೂಡಲೇ ಬೇರೆ ಊರಿಗೆ ವರ್ಗ ಮಾಡಬೇಕೆಂದು ಮುದ್ದಲಕುಂಟೆಯ ತೊಂಬತ್ತು ಮನೆಯವರೂ ಬರೆದುಕೊಟ್ಟಿದ್ದರು. ಮೊದಲನೆಯದು ಅಮ್ಮಾಜಮ್ಮನ ಹೆಬ್ಬೆಟ್ಟು. ಕಾರಣವನ್ನು ಯಾರೋ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು:

‘ಇವರು ಮಾಡುವ ಪಾಠ ಮಕ್ಕಳಿಗೆ ಬಹಳ ಚೆನ್ನಾಗಿ ಅರ್ಥವಾಗುತ್ತಿದೆ.’