ಕೆಡದ ಕಂಪ್ಯೂಟರೂ ಒಂಬತ್ತು ಕತೆಗಳೂ

ಯಾವುದೇ ವಸ್ತುವನ್ನು ತೋರಿಸಿ ‘ಇದು ಕೆಡುವುದಿಲ್ಲ’ ಎಂದು ಒಮ್ಮೆ ಹೇಳಿ ನೋಡಿ, ಕೆಡಿಸಿ ತೋರಿಸುವವರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ನಾನು ಭಾಲ್ಕಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಮಾತು ಕಡಿಮೆ. ಆದರೂ ಆ ಮಾತನ್ನು ನಾನೇ ಆಡಿಬಿಟ್ಟೆ. ಮುಂದಾದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ.

ಸಾಫ್ ಮಾಡಿದ್ದು

ನನ್ನ ಹೆಂಡತಿ ಅದೇ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಳು. ಮನ್ನಳ್ಳಿಯ ತನ್ನ ಅಜ್ಜಿಯಿಂದ ಕೇಳಿದ ಹನ್ನೊಂದು ಕತೆಗಳನ್ನು ಮಕ್ಕಳಿಗಾಗಿ ತನ್ನ ದನಿಯಲ್ಲಿ ಹೇಳಿ, ಲ್ಯಾಬಿನ ಒಂದು ಕಂಪ್ಯೂಟರಿನಲ್ಲಿ ಇಟ್ಟಿದ್ದಳು. ಅವಳು ತೀರಿಕೊಂಡು ಐದು ತಿಂಗಳಾಗಿತ್ತು. ಆ ಕಂಪ್ಯೂಟರ್ ನಿಧಾನವಾಯಿತೆಂದು ಹೆಡ್‌ಮಾಸ್ತರು ಪೇಟೆಯಿಂದ ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿದರು. ನಾನು ಆಗ ಹತ್ತನೇ ತರಗತಿಯಲ್ಲಿ ತ್ರಿಕೋನಮಿತಿ ಮಾಡುತ್ತಿದ್ದೆ.

ಗಂಟೆ ಹೊಡೆದ ಮೇಲೆ ಹೋಗಿ ನೋಡಿದರೆ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಿದ್ದ.

“ಸರ್, ಏಕ್‌ದಮ್ ಸಾಫ್ ಮಾಡೀನ್ರಿ. ಗಾಡಿ ಹೊಸಾದ್ ಆಗ್ಯದ.”

“ಒಳಗ ಕತಿ ಇದ್ದವಲ್ಲ?”

“ಕತಿ ಗಿತಿ ಏನೂ ಉಳಿಸಿಲ್ರಿ. ಒಂದು ಧೂಳಿನ ಕಣಾನೂ ಉಳಿಸಿಲ್ಲ!”

ಬಾಗಿಲಲ್ಲಿ ಬಿಸಿಯೂಟದ ಅಡಿಗಿ ಅಕ್ಕ ಸೌಟು ಹಿಡಿದು ನಿಂತಿದ್ದಳು. “ಟೀಚರಮ್ಮನ ಕತಿ ಏನ್ರಿ? ನನ್ನ ಮೊಬೈಲ್‌ನಾಗ ಅವ. ಹೇಳಿದ ಕೂಡ್ಲೇ ನನಗ ಕಳಸ್ತಿದ್ರು, ‘ಕೇಳಿ ಹೇಳು, ಆಮ್ಯಾಲ ತಿದ್ದಿ ಹುಡುಗ್ರಿಗಿ ಕೊಡ್ತೇನಿ’ ಅಂತ. ಅದನ್ನ ಹಚ್ಚಲಿಲ್ಲಂದ್ರ ನನ್ನ ಬ್ಯಾಳಿ ಕುದಿಯಂಗಿಲ್ರಿ.”

ಅವಳ ಮೊಬೈಲಿನಲ್ಲಿ ಒಂಬತ್ತು ಕತೆಗಳಿದ್ದವು. ಎರಡು ಹೋದವು, ಹೋದವೇ. ಒಂಬತ್ತನ್ನು ನಕಲು ಮಾಡಿಕೊಂಡು ಒಂದೊಂದರ ಗಾತ್ರವನ್ನೂ ತಾಳೆ ನೋಡಿದೆ. ಹಚ್ಚಿ ಕೇಳಲಿಲ್ಲ. ಅದೊಂದು ನನ್ನಿಂದ ಆಗಲಿಲ್ಲ.

ಮೆಕ್ಯಾನಿಕ್ ಹೋಗುವಾಗ ಸಮಾಧಾನ ಹೇಳಿದ: “ಸರ್, ಚಿಂತಿ ಮಾಡಬ್ಯಾಡ್ರಿ. ಬಾಕಿ ಮೂರು ಗಾಡಿನೂ ಸಾಫ್ ಮಾಡಿ ಕೊಡ್ತೇನಿ.”

ಮೂರು ಕೋಣೆ

ಉಳಿದ ಒಂಬತ್ತರಲ್ಲಿ ಇನ್ನೊಂದು ಹೋಗಬಾರದು. ಅಷ್ಟಕ್ಕೇ ನಾನು ಆಪರೇಟಿಂಗ್ ಸಿಸ್ಟಮ್ ಮಾಡಲು ಕುಳಿತದ್ದು. ಉಚಿತವಾಗಿ ಸಿಗುವ ತಂತ್ರಾಂಶಗಳನ್ನು ಜೋಡಿಸಿ, ಯಾರೂ ಬದಲಿಸಲಾಗದ ಒಂದು ಸಿಸ್ಟಮ್ ಕಟ್ಟುವುದು ನನ್ನ ಯೋಜನೆ. ಇಡೀ ಬೇಸಿಗೆ ರಜೆ ಅದರಲ್ಲೇ ಹೋಯಿತು. ಪರದೆಯ ಮೇಲೆ ಅದು ಮೊದಲ ಸಲ ತಾನಾಗಿ ಎದ್ದಾಗ, ಖಾಲಿ ಲ್ಯಾಬಿನಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದೆ. ಐವತ್ತೊಂದನೇ ವಯಸ್ಸಿನಲ್ಲಿ ಅಷ್ಟು ಖುಷಿ ಆಗುತ್ತದೆಂದು ಗೊತ್ತಿರಲಿಲ್ಲ.

ಹೆಡ್‌ಮಾಸ್ತರಿಗೆ ವಿವರಿಸಲು ಹೋದೆ. “ಸರ್, ಇದು ಕೆಡಂಗಿಲ್ಲ. ಡಿಸ್ಕಿನ್ಯಾಗ ಮೂರು ಭಾಗ ಮಾಡೀನಿ. ಮೊದಲನೇದು, ಎರಡನೇದು ಸಿಸ್ಟಮಿಂದು. ಎರಡಕ್ಕೂ ಕೀಲಿ, ಓದಲಿಕ್ಕ ಬರ್ತದ, ಬರೀಲಿಕ್ಕ ಬರಂಗಿಲ್ಲ. ಒಂದು ನಡೀತಿದ್ರ ಇನ್ನೊಂದು ತಯಾರ್ ಇರ್ತದ. ಮೂರನೇದು ಹುಡುಗ್ರದು.”

ಹೆಡ್‌ಮಾಸ್ತರು ಕಣ್ಣು ಮುಚ್ಚಿ ಕೇಳಿದರು, ತೆರೆಯಲಿಲ್ಲ. ಚಾ ತಂದಿದ್ದ ಅಡಿಗಿ ಅಕ್ಕನೇ ಬಾಯಿ ಹಾಕಿದಳು. “ಅಡಿಗಿ ಮನಿ ಬ್ಯಾರೆ, ಹುಡುಗ್ರು ಉಣ್ಣೂ ಪಡಸಾಲಿ ಬ್ಯಾರೆ ಅಂದ್ರ ಆತಲ್ರಿ. ಪಡಸಾಲ್ಯಾಗ ಎಷ್ಟರೆ ಚೆಲ್ಲಲಿ, ನನ್ನ ಗಡಿಗಿಗಿ ಏನಾಗ್ತದ?”

ನಾನು ಎರಡು ವಾರ ಬರೆದ ಟಿಪ್ಪಣಿಯನ್ನು ಅವಳು ಎರಡು ವಾಕ್ಯದಲ್ಲಿ ಮುಗಿಸಿದಳು. ಹೆಡ್‌ಮಾಸ್ತರು ಕಣ್ಣು ಬಿಟ್ಟರು. “ತಿಳೀತು. ಚಾಲೂ ಆಗೂಮುಂದ ನನ್ನ ಫೋಟೋ ಬರ್ತದಲ್ಲ, ಅದು ಎಲ್ಲಿರ್ತದ?”

“ಮೂರನೇದ್ರಾಗ ಸರ್.”

“ಹುಡುಗ್ರ ಕೂಡನಾ? ಹೆಡ್‌ಮಾಸ್ತರ್‌ಗಿ ಒಂದು ಇಜ್ಜತ್ ಅದನೋ ಇಲ್ಲೋ! ಮೊದಲನೇದ್ರಾಗ ಕೂಡಸ್ರಿ, ಕೀಲಿ ಹಾಕ್ರಿ. ಯಾರೂ ತೆಗೀಬಾರದು.”

ಹಾಗೇ ಮಾಡಿದೆ. ಹೆಂಡತಿಯ ಒಂಬತ್ತು ಕತೆಗಳನ್ನು ಮೊದಲೇ ಎರಡೂ ಸಿಸ್ಟಮ್ ಭಾಗಗಳಲ್ಲಿ ಕೀಲಿಯೊಳಗೆ ಇಟ್ಟಿದ್ದೆ. ಹೆಡ್‌ಮಾಸ್ತರ ಫೋಟೋ ಅವುಗಳ ಪಕ್ಕ ಹೋಗಿ ಕುಳಿತಿತು.

ಮೂರು ವಾರಕ್ಕೆ ಅವರಿಗೆ ಔರಾದಿಗೆ ವರ್ಗವಾಯಿತು. ಅವರ ಜಾಗಕ್ಕೆ ಹೊಸ ಮೇಡಂ ಬಂದರು. ಎಂಟನೆಯ ದಿನ ನನ್ನನ್ನು ಕರೆದು, ಪರದೆಯ ಕಡೆ ಬೆರಳು ಮಾಡಿ ಕೇಳಿದರು: “ಮಾಸ್ತರ, ಅವ್ರು ಹೋಗ್ಯಾರ ಅಂತ ಎಲ್ಲರಿಗೂ ಆರ್ಡರ್ ಬಂದದ. ಈ ಗಾಡಿಗಿ ಬಂದಿಲ್ಲೇನು?”

ಇಡೀ ದಿನದ ಕೆಲಸ

ಮೇಡಂ ಫೋಟೋ ಹಾಕಿ ಹೊಸ ಸಿಸ್ಟಮ್ ಕಟ್ಟಿ ಎರಡನೆಯ ಭಾಗದಲ್ಲಿ ಕೂಡಿಸಿದೆ. ಮೊದಲನೆಯದನ್ನು ಮುಟ್ಟಲಿಲ್ಲ; ಹೊಸದು ಏಳದಿದ್ದರೆ ಹಳೆಯದು ಇರಬೇಕಲ್ಲ.

ಇನ್ನು ಪರೀಕ್ಷೆ. ನಮ್ಮ ಚಿತ್ರಕಲಾ ಮೇಷ್ಟ್ರು ಕೈ ಇಟ್ಟ ಯಂತ್ರ ಉಳಿದದ್ದನ್ನು ಯಾರೂ ನೋಡಿರಲಿಲ್ಲ. ಶಾಲೆಯ ಗಂಟೆಯನ್ನೂ ಅವರು ಒಮ್ಮೆ ರಿಪೇರಿ ಮಾಡಿದ್ದಾರೆ. ಅಂದಿನಿಂದ ನಾವು ಕಬ್ಬಿಣದ ತುಂಡು ಬಾರಿಸುತ್ತೇವೆ. ನಾನು ಅವರ ಹತ್ತಿರ ಹೋಗಿ, “ಸರ್, ಇದನ್ನ ಕೆಡಸಿ ಕೊಡ್ರಿ” ಎಂದೆ.

ಅವರ ಕಣ್ಣು ತುಂಬಿಬಂತು. “ಇಪ್ಪತ್ತು ವರ್ಷದಾಗ ಹಿಂಗ ಪ್ರೀತಿಲಿಂದ ಯಾರೂ ಕೇಳಿಲ್ರಿ.”

ಶನಿವಾರ ಬೆಳಿಗ್ಗೆಯೇ ಕುಳಿತರು. ಕಂಪ್ಯೂಟರಿನ ಪಾಸ್‌ವರ್ಡನ್ನೂ ನಾನೇ ಕೊಟ್ಟಿದ್ದೆ. ಕಂಡ ಕಡತ ಅಳಿಸಿದರು, ಹೆಸರು ಬದಲಿಸಿದರು, ಪರದೆಯ ಅಕ್ಷರಗಳನ್ನೇ ಕಿತ್ತುಹಾಕಿದರು. ಸಂಜೆ ಹೊತ್ತಿಗೆ ಪರದೆಯ ಮೇಲೆ ಒಂದು ಬಾಣ ಮಾತ್ರ ಉಳಿದಿತ್ತು. ಅದಕ್ಕೂ ತೋರಿಸಲು ಏನೂ ಇರಲಿಲ್ಲ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅವರು ಅಳಿಸಿದ್ದೆಲ್ಲ ಮೇಲೆ ಹೊದಿಸಿದ ತೆಳು ಹಾಳೆಯ ಮೇಲಿನ ಗೀಚು, ಬಂದ್ ಮಾಡಿ ಮತ್ತೆ ಚಾಲೂ ಮಾಡಿದರೆ ಆ ಹಾಳೆ ಹೋಗಿ ಕೆಳಗಿನದು ಇದ್ದಂತೇ ಇರುತ್ತದೆ ಎಂದು ಲೆಕ್ಕದ ಪ್ರಕಾರ ಗೊತ್ತಿತ್ತು. ಲೆಕ್ಕ ಬೇರೆ, ಎದೆ ಬೇರೆ.

ಸೋಮವಾರ ಇಬ್ಬರೂ ಕೂಡಿ ಗುಂಡಿ ಒತ್ತಿದೆವು. ಮೇಡಂ ಫೋಟೋ ಬಂತು, ಅಕ್ಷರ ಬಂದವು, ಎಲ್ಲ ಬಂತು. ಒಂದರಿಂದ ಒಂಬತ್ತರವರೆಗೆ ಕತೆಗಳನ್ನು ಎಣಿಸಿದೆ. ಗಾತ್ರವೂ ಸರಿ. “ಉಳೀತು!” ಎಂದು ಕೂಗಿ ಅವರನ್ನು ತಬ್ಬಿಕೊಂಡೆ.

ಅವರು ಬಿಡಿಸಿಕೊಂಡು ಸಿಟ್ಟಿನಿಂದ ನೋಡಿದರು. “ಏನ್ ಉಳೀತ್ರಿ? ಊಟ ಬಿಟ್ಟು ಇಡೀ ದಿನ ಕೆಲಸ ಮಾಡೀನಿ, ಒಂದರೆ ಉಳದದೇನು? ನನ್ನ ಮೆಹನತ್ ಎಲ್ಲಾ ಹೋತಲ್ರಿ!”

ಬೀದರಿನಲ್ಲಿ

ಸುದ್ದಿ ಹಬ್ಬಿ, ಬೀದರಿನಲ್ಲಿ ಮೇಷ್ಟ್ರುಗಳ ಒಂದು ಸಭೆಯಲ್ಲಿ ತೋರಿಸಲು ಕರೆದರು. ಭಾಲ್ಕಿಯಿಂದ ಬಸ್ಸಿನಲ್ಲಿ ಕಂಪ್ಯೂಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಹೊಸ ಮೇಡಂ ಮುಂದಿನ ಸಾಲಿನಲ್ಲಿ ಕುಳಿತರು. ಅವರ ಪಕ್ಕದಲ್ಲೇ, ಔರಾದಿನಿಂದ ಬಂದಿದ್ದ ನಮ್ಮ ಹಳೆಯ ಹೆಡ್‌ಮಾಸ್ತರು.

ಎರಡನೆಯ ಭಾಗ ಚಾಲೂ ಆಗುವಾಗ ಅರ್ಧಕ್ಕೇ ಪ್ಲಗ್ ಕಿತ್ತರೆ, ಅದರಲ್ಲೇನೋ ದೋಷವಿದೆ ಎಂದು ತಿಳಿದು ಕಂಪ್ಯೂಟರ್ ತಾನಾಗಿ ಮೊದಲನೆಯದಕ್ಕೆ ಮರಳಬೇಕು. ಇದೇ ನನ್ನ ಹೆಮ್ಮೆ. ಜೊತೆಗೆ ಬಂದಿದ್ದ ಚಿತ್ರಕಲಾ ಮೇಷ್ಟ್ರಿಗೆ ಸನ್ನೆ ಮಾಡಿದೆ. ಅವರು ಪ್ಲಗ್ ಜೊತೆಗೆ ಗೋಡೆಯ ಬೋರ್ಡನ್ನೂ ಕಿತ್ತರು. ಬೇರೆ ಬೋರ್ಡಿಗೆ ಹಾಕಿದೆವು. ಎದ್ದಿತು! ದೊಡ್ಡ ಪರದೆಯ ತುಂಬ ಹಳೆಯ ಹೆಡ್‌ಮಾಸ್ತರ ಫೋಟೋ.

ಅವರು ಎದ್ದುನಿಂತು ನಾಲ್ಕೂ ದಿಕ್ಕಿಗೆ ನಮಸ್ಕಾರ ಮಾಡಿದರು. ಮೇಡಂ ನನ್ನ ಕಡೆ ತಿರುಗಿ, “ಹಂಗಾರ ಕರೆಂಟ್ ಹೋದಾಗೆಲ್ಲ ಚಾರ್ಜ್ ಇವ್ರದೇನ್ರಿ?” ಎಂದರು.

ನಗು ನಿಂತ ಮೇಲೆ ಹಿಂದಿನಿಂದ ಯಾರೋ ಕೂಗಿದರು: “ಒಳಗಿನ ಸಾಮಾನು ಉಳದದನೋ ಇಲ್ಲೋ ತೋರಸ್ರಿ!” ಉಳಿದಿದೆಯೆಂದು ಕೈಯಲ್ಲಿದ್ದ ಗಾತ್ರಗಳ ಪಟ್ಟಿ ಎತ್ತಿ ಹಿಡಿದೆ. “ಪಟ್ಟಿ ಬ್ಯಾಡ್ರಿ, ಹಚ್ಚ್ರಿ!”

ಇನ್ನು ದಾರಿ ಇರಲಿಲ್ಲ. ಸಭೆಯವರು ಕೊಟ್ಟ ಚಾದ ಕಪ್ಪನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ನಾಲ್ಕನೆಯ ಕತೆ ಒತ್ತಿದೆ.

ಅವಳ ದನಿ ಸಭಾಂಗಣದ ತುಂಬ ಹರಡಿತು. “ತೋಳ ಬಂದು ಬಾಗಿಲದಾಗ ನಿಂತಿತು. ಒಳಗ ಕುರಿಮರಿ ಒಂದೇ. ಉಸಿರ ಬಿಡಲಿಲ್ಲ, ಅಲಗಾಡಲಿಲ್ಲ. ಎಲ್ಲಾ ಕಡಿ ಗಪ್‌ಚುಪ್. ಆಗ...”

ಆಗ ಧ್ವನಿವರ್ಧಕದಿಂದ ಉದ್ದವಾಗಿ ಕೇಳಿಸಿತು: ಸುರ್ರ್ರ್. ಹಿಂದೆಯೇ ಅವಳದೇ ದನಿ, ಕತೆ ಬಿಟ್ಟು:

“ಏನ್ರಿ! ತೋಳ ಬಾಗಿಲದಾಗ ನಿಂತದ, ನೀವು ಸುರ್ ಅಂತ ಚಾ ಕುಡೀಲಿಕತ್ತೀರಿ! ರೆಕಾರ್ಡ್ ನಡದದ್ರಿ! ಗಣಿತದ ಮಾಸ್ತರಾಗಿ ಒಂದು ಕಪ್ ಚಾಕ್ಕ ಎಷ್ಟು ಸುರ್ ಅಂತ ಲೆಕ್ಕರೆ ಇಡ್ರಿ!”

ಅವಳು ಅಡಿಗಿ ಅಕ್ಕನಿಗೆ ಕಳಿಸಿದ್ದು ತಿದ್ದುವ ಮೊದಲಿನ ಕತೆಗಳು. ಕೇಳದೆ ಕೀಲಿ ಹಾಕಿದವನು ನಾನು. ಸಭೆಯಲ್ಲಿದ್ದವರೆಲ್ಲ ನನ್ನನ್ನು, ಆಮೇಲೆ ನನ್ನ ಎಡಗೈಯನ್ನು ನೋಡಿದರು. ಚಿತ್ರಕಲಾ ಮೇಷ್ಟ್ರು ನಕ್ಕು ಕುರ್ಚಿ ಮುರಿದರು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಅವಳು ಹೋದ ಮೇಲೆ ಮೊದಲ ಸಲ.

ಬಸ್ಸಿನಲ್ಲಿ ಮರಳುವಾಗ ಮೇಡಂ ಹೇಳಿದರು: “ಮಾಸ್ತರ, ಹುಡುಗ್ರು ಕೇಳ್ತಾವ. ಆ ತುಣುಕು ತೆಗೀರಿ.”

“ಬರಂಗಿಲ್ರಿ ಮೇಡಂ. ಕೀಲಿ ಹಾಕೀನಿ.”

“ನನ್ನ ಫೋಟೋ ಹ್ಯಾಂಗ ಬಂತು ಮತ್ತ?”

“ಫೋಟೋ ಬ್ಯಾರೆ ರಿ.”

ಇದು ನಿಜವಲ್ಲ. ಹೊಸ ಸಿಸ್ಟಮ್ ಕಟ್ಟಿದರೆ ಒಂದೇ ದಿನದ ಕೆಲಸ. ಮೇಡಂಗೂ ಅದು ತಿಳಿಯಿತೆಂದು ಕಾಣುತ್ತದೆ. “ಆತು ಬಿಡ್ರಿ. ಅದು ಬದಲಾಗಂಗಿಲ್ಲಂದ್ರ ನೀವರೆ ಬದಲಾಗ್ರಿ. ಸಪ್ಪಳ ಮಾಡದೆ ಚಾ ಕುಡೀರಿ.”

ಒಪ್ಪಿದೆ. ಆ ದಿನ ಬಸ್‌ ನಿಲ್ದಾಣದಲ್ಲಿ ಒಂದು, ಮನೆಯಲ್ಲಿ ಒಂದು, ಎರಡೂ ಚಾ ಸಪ್ಪಳವಿಲ್ಲದೆ ಕುಡಿದೆ. ರಾತ್ರಿ ಮಲಗಿ ಬೆಳಿಗ್ಗೆ ಎದ್ದು ಶಾಲೆಗೆ ಹೋದೆ. ಅಡಿಗಿ ಅಕ್ಕ ಕಪ್ ಕೊಟ್ಟಳು, ನಾನು ಬಾಯಿಗಿಟ್ಟೆ, ಅವಳು ಸೌಟು ಕೆಳಗಿಟ್ಟು ನಗತೊಡಗಿದಳು.

“ಸರ್, ನೀವೂ ಆ ಗಾಡಿನೇ ನೋಡ್ರಿ. ಬಂದ್ ಮಾಡಿ ಚಾಲೂ ಮಾಡಿದ್ರ ಮತ್ತ ಮೊದಲಿನಂಗೇ ಸುರ್!”