ಸೀಲು ಹಾಕಿದ ಗಂಗೆ

ಕಲ್ಮೇಶ ಸ್ನಾನಕ್ಕೆ ಹೋದದ್ದೇ ತಪ್ಪಾಯಿತು. ಹೊರಗೆ ಬಂದು ನೋಡುತ್ತಾನೆ, ಕಿಟಕಿಯಲ್ಲಿಟ್ಟಿದ್ದ ಬಾಟಲಿ ಮಂಗಮಾಯ.

ಅದೇನು ಸಾದಾ ಬಾಟಲಿಯಲ್ಲ. ಕಲ್ಮೇಶನದು ರಾಜಸ್ಥಾನದ ಎಣ್ಣೆಬಾವಿಯಲ್ಲಿ ನೀರು ಪರೀಕ್ಷಿಸುವ ಕೆಲಸ. ಅಲ್ಲಿಯ ಎಣ್ಣೆ ಕಾಕಂಬಿಯಷ್ಟು ಗಟ್ಟಿ. ನೆಲದೊಳಗೆ ಬಿಸಿ ಹಬೆ ನುಗ್ಗಿಸಿದರೆ ಮಾತ್ರ ಸಡಿಲಾಗಿ ಮೇಲೆ ಬರುತ್ತದೆ, ಜೊತೆಗೆ ನೀರನ್ನೂ ತರುತ್ತದೆ. ಆ ನೀರನ್ನು ಸೋಸಿ ಮತ್ತೆ ಬಾಯ್ಲರಿಗೆ ಉಣಿಸಬೇಕು. ಅದರಲ್ಲಿ ಸುಣ್ಣ, ಸಿಲಿಕಾ ಉಳಿದರೆ ಕೊಳವೆಯೊಳಗೆ ಕಲ್ಲು ಕಟ್ಟುತ್ತದೆ. ಸೋಸಿದ ನೀರಿನ ಬಾಟಲಿಗೆ ಕೆಂಪು ಅರಗಿನ ಸೀಲು ಒತ್ತಿ, ಬೆಳಗಾವಿಯ ಲ್ಯಾಬಿಗೆ ಮುಟ್ಟಿಸಿದರಷ್ಟೇ ಹತ್ತು ದಿನದ ರಜೆ ಎಂದಿದ್ದರು ಸಾಹೇಬರು. ನಾಳಿದ್ದು ರಾಮದುರ್ಗದಲ್ಲಿ ಮೀನಾಳೊಂದಿಗೆ ಅವನ ನಿಶ್ಚಯ. ರಜೆ ಹೋದರೆ ನಿಶ್ಚಯವೂ ಹೋದಂತೆ.

ಕಟ್ಟೆಯ ಮೇಲೆ ಗದ್ದಲ. ಇಣುಕಿದರೆ ಓಣಿಗೆ ಓಣಿಯೇ ಸಾಲು ನಿಂತಿದೆ, ಚಿಗವ್ವ ಶಟ್ಟೆವ್ವ ಬಾಟಲಿ ಹಿಡಿದು ಒಬ್ಬೊಬ್ಬರ ಅಂಗೈಗೆ ಒಂದೊಂದು ಚಮಚ ನೀರು ಹಾಕುತ್ತಿದ್ದಾಳೆ. ಉತ್ತರದ ಕಡೆಯಿಂದ ಯಾರೇ ಬರಲಿ, ಸೀಲು ಹಾಕಿದ ಗಂಗೆ ತಂದು ಹಂಚುವುದು ಉಗರಗೋಳದ ಆ ಓಣಿಯ ರೂಢಿ.

ಕಲ್ಮೇಶ ಒದ್ದೆ ಮೈಯಲ್ಲೇ ಕಟ್ಟೆಗೆ ಓಡಿದ. "ಚಿಗವ್ವಾ, ಅದನ್ನ ಕುಡಿಸಬ್ಯಾಡ."

"ಯಾಕೋ, ಜಿಪುಣಾ? ಹೋಗೂ ಮುಂದ ಹೊತಗೊಂಡ ಹೊಕ್ಕಿ ಏನು?"

ಪಕ್ಕದ ಮನೆಯ ನೀಲಪ್ಪ ಆಗಲೇ ಮೂರು ಸಲ ಸಾಲು ನಿಂತಿದ್ದ. "ತಮ್ಮಾ, ಖರೇನ ಗಂಗಿ ಐತಿ ನೋಡು. ಎರಡು ವರ್ಷ ಮಡಚಲಾರದ ಮೊಣಕಾಲ ಈಗ ಮಡಚಾಕ ಹತ್ತೇತಿ." ಎಂದು ಎರಡು ಬೈಠಕ್ ಹೊಡೆದೂ ತೋರಿಸಿದ.

ಬಾಯ್ಲರ್ ನೀರು ಕುಡಿದಿರಿ ಎಂದರೆ ಅದೇ ಮೊಣಕಾಲು ತನ್ನ ಬೆನ್ನಿಗೆ ಬರುತ್ತದೆಂದು ಕಲ್ಮೇಶನಿಗೆ ಗೊತ್ತಿತ್ತು. ಸಾಲು ಕರಗಿದ್ದೇ ತಡ, ಖಾಲಿಯಾದ ಬಾಟಲಿ ಎತ್ತಿಕೊಂಡು ಹಿತ್ತಿಲಿಗೆ ಓಡಿದ. ಅದಕ್ಕೆ ಬೋರಿನ ನೀರು ತುಂಬಿದ, ಒಂದು ಚಿಟಿಕೆ ಉಪ್ಪು ಹಾಕಿದ, ಟ್ರ್ಯಾಕ್ಟರಿನಿಂದ ಎರಡು ಹನಿ ಡೀಸೆಲ್ ಬಿಟ್ಟ. ಕೆಂಪು ಮೇಣದಬತ್ತಿ ಕರಗಿಸಿ ಮುಚ್ಚಳಕ್ಕೆ ಸುರಿದು, ಹೆಬ್ಬೆರಳು ಸುಟ್ಟುಕೊಂಡು, ಅದೇ ಬೆರಳಿನಿಂದ ಮುದ್ರೆ ಒತ್ತಿದ. ಬಸ್ಸು ಹಿಡಿದು ಲ್ಯಾಬಿಗೆ ಕೊಟ್ಟು ಸಂಜೆ ಮನೆಗೆ ಬಂದಾಗ ಜೀವ ಹಗುರಾಗಿತ್ತು. ಮೀನಾಳಿಗೆ ಫೋನು ಮಾಡಿ ಸೀರೆಯ ಬಣ್ಣವನ್ನೂ ಕೇಳಿದ.

ಅವಳು ಹೇಳುವಷ್ಟರಲ್ಲಿ ಸಾಹೇಬರ ಫೋನು ಬಂತು.

ಸಾಹೇಬರು ಹಿಂದಿಯಲ್ಲಿ ಗುಡುಗಿದರು. ನಿನ್ನ ಬಾಟಲಿಯ ನೀರಿನಲ್ಲಿ ಸುಣ್ಣ ಇಪ್ಪತ್ತು ಪಟ್ಟು ಹೆಚ್ಚಿದೆ, ನಾವು ಸೋಸುವ ಮುಂಚಿನ ಹೊಲಸು ನೀರೇ ಇದಕ್ಕಿಂತ ವಾಸಿ, ಬಾಯ್ಲರ್ ಬಂದ್ ಮಾಡಿಸಿದ್ದೇನೆ, ರಜೆ ರದ್ದು, ಇವತ್ತೇ ಗಾಡಿ ಹತ್ತು.

ಕಲ್ಮೇಶ ಮುಖ ಸಣ್ಣ ಮಾಡಿಕೊಂಡು ಚೀಲ ತುಂಬುತ್ತಿದ್ದಾಗ ಶಟ್ಟೆವ್ವ ದೇವರ ಜಗಲಿಯಿಂದ ಒಂದು ಬಾಟಲಿ ತಂದಳು. ಕೆಂಪು ಅರಗಿನ ಸೀಲು ಹಾಗೇ ಇತ್ತು.

"ಇದು... ಇದನ್ನ ನೀ ಹಂಚಲಿಲ್ಲೇನು?"

"ಇದೊಂದ ಬಾಟ್ಲಿ ಓಣಿಗೆಲ್ಲಾ ಎಲ್ಲಿ ಸಾಲತೈತೋ? ಇಂಥಾದ್ದ ಬ್ಯಾರೆ ಬಾಟ್ಲಿಗೆ ಬೋರಿನ ನೀರ ತುಂಬಿ ಹಂಚೇನಿ. ಇದನ್ನ ನಿನ್ನ ನಿಶ್ಚಯಕ್ಕಂತ ಎತ್ತಿಟ್ಟಿದ್ದೆ. ನೀ ಹೊಂಟ್ಯಲ್ಲಾ, ಇರಲಿ, ತಲಿಮ್ಯಾಲೆ ನಾಕ ಹನಿ ಹಾಕತೇನಿ."

"ತಡಿ, ತಡಿ, ಅದನ್ನ ತೆಗಿಬ್ಯಾಡ," ಎಂದು ಕಲ್ಮೇಶ ಕೈ ಚಾಚುವಷ್ಟರಲ್ಲಿ ಸೀಲು ಒಡೆದಿತ್ತು, ಅರ್ಧ ಬಾಟಲಿ ಅವನ ನೆತ್ತಿಯಿಂದ ಕೊರಳಿಗೆ ಇಳಿಯುತ್ತಿತ್ತು.

ಶಟ್ಟೆವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಇದು ಹಳಸೇತೋ ತಮ್ಮಾ. ಮುಂದಿನ ಸಲ ಬರೂ ಮುಂದ ತಾಜಾದ್ದು ತಗೊಂಡ ಬಾ."